ಹಳೇ ಜಪಾನಿ ಲವ್ ಡ್ರಾಮಾ ನೋಡುವುದು ಹೇಗೆ: ವಾರಕ್ಕೊಂದು ಕಂತು, ಫೋನಿನ ಮೇಲೊಂದು ಕಣ್ಣು

ನಾನು ಮೊದಲ ಸಲ ಹಳೇ ಜಪಾನಿ ಲವ್ ಡ್ರಾಮಾ ನೋಡಿದ್ದು ಪೂರಾ ತಪ್ಪಾಗಿ. ರಾತ್ರಿ ಒಂಬತ್ತಕ್ಕೆ ಕೂತೆ, 11 ಕಂತುಗಳನ್ನೂ ಒಂದೇ ಉಸಿರಿಗೆ ಮುಗಿಸಿದೆ, ಏಳುವಾಗ ಬೆಳಗಿನ ಐದೂವರೆ. ತಲೆಯಲ್ಲಿ ಉಳಿದದ್ದು ಇಷ್ಟೇ: ಯಾರೋ ಮಳೆಯಲ್ಲಿ ನಿಂತಿದ್ದರು, ಯಾರೋ ಫೋನ್ ಎತ್ತಲಿಲ್ಲ, ಯಾರೋ ಓಡಿದರು. ಏನಪ್ಪಾ ಇಷ್ಟೊಂದು ಎಳೆಯುತ್ತಾರೆ ಅನ್ನಿಸಿ ಪಕ್ಕಕ್ಕಿಟ್ಟೆ. ಒಂದು ವರ್ಷ ಬಿಟ್ಟು ಅದನ್ನೇ ಮತ್ತೆ ಶುರು ಮಾಡಿದೆ, ಈ ಸಲ ವಾರಕ್ಕೊಂದು ಕಂತು, ಸೋಮವಾರ ರಾತ್ರಿ ಮಾತ್ರ. ನಾಲ್ಕನೇ ವಾರಕ್ಕೆ ನಾನು ಬುಧವಾರ ಗುರುವಾರವೆಲ್ಲ ಅವಳು ಫೋನ್ ಮಾಡಿದಳೋ ಇಲ್ಲವೋ ಅಂತ ಯೋಚಿಸುತ್ತಾ ಓಡಾಡುತ್ತಿದ್ದೆ. ಆ ಡ್ರಾಮಾದವರಿಗೆ ಬೇಕಿದ್ದದ್ದೂ ಅದೇ. ಒಳಗಿನ ಪಾತ್ರಗಳು ಕಾಯುತ್ತವೆ, ಹೊರಗಿನ ನಾವೂ ಕಾಯಬೇಕು. ಕಾಯದೆ ನೋಡಿದರೆ ಇವು ಸುಮ್ನೆ ನಿಧಾನದ ಧಾರಾವಾಹಿಗಳು, ಅಷ್ಟೇ.

ಹೀಗಾಗಿ ಹೊಸದಾಗಿ ಶುರು ಮಾಡುವವರಿಗೆ ನನಗೆ ಗೊತ್ತಿರುವಷ್ಟನ್ನು ಇಲ್ಲಿ ಹೇಳುತ್ತೇನೆ. ಮುಖ್ಯ ತಿರುವುಗಳನ್ನು ಆದಷ್ಟು ಬಿಟ್ಟುಕೊಡುವುದಿಲ್ಲ.

ಯಾವ ಕಾಲದ್ದು ನೋಡಬೇಕು

ಜಪಾನಿನಲ್ಲಿ ವಾರಕ್ಕೊಮ್ಮೆ ಬರುವ ಧಾರಾವಾಹಿಯನ್ನು ರೆಂದೊರಾ ಅನ್ನುತ್ತಾರೆ. ವರ್ಷವನ್ನು ನಾಲ್ಕು ಭಾಗ ಮಾಡಿರುತ್ತಾರೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ಒಂದೊಂದು ಭಾಗದಲ್ಲೂ ಹೊಸ ಕಥೆ ಶುರುವಾಗಿ ಮೂರು ತಿಂಗಳಿಗೆ ಮುಗಿಯುತ್ತದೆ. 10ರಿಂದ 12 ಕಂತು, ಜಾಹೀರಾತು ತೆಗೆದರೆ ಒಂದೊಂದು ಸುಮಾರು 46 ನಿಮಿಷ. ಮೊದಲ ಕಂತು, ಕೊನೇ ಕಂತು ಸ್ವಲ್ಪ ಉದ್ದ ಇರಬಹುದು. ಸಾವಿರ ಕಂತು ಓಡುವ ಧಾರಾವಾಹಿ ನೋಡಿ ಬೇಸತ್ತವರಿಗೆ ಇದೇ ಒಂದು ದೊಡ್ಡ ಸಮಾಧಾನ. ಕಥೆಗೆ ಕೊನೆ ಇದೆ, ಬರೆಯುವವರಿಗೂ ಅದು ಮೊದಲೇ ಗೊತ್ತಿರುತ್ತದೆ.

ಪ್ರೇಮಕಥೆಗಳಿಗೆ ಹೆಸರಾದ ಹೊತ್ತು ಅಂದರೆ ಫ್ಯೂಜಿ ಟಿವಿಯ ಸೋಮವಾರ ರಾತ್ರಿ 9 ಗಂಟೆ. ಅದಕ್ಕೆ ಗೆತ್ಸುಕು ಅಂತಲೇ ಹೆಸರು. ಗೆತ್ಸು ಅಂದರೆ ಸೋಮವಾರ, ಕು ಅಂದರೆ ಒಂಬತ್ತು. ಸೋಮವಾರ ರಾತ್ರಿ ಆಫೀಸಿನ ಹುಡುಗಿಯರು ಬೀದಿಯಿಂದ ಮಾಯವಾಗುತ್ತಾರೆ ಅನ್ನುವ ಮಾತು ಆಗ ಹುಟ್ಟಿಕೊಂಡಿತ್ತು.

ಈ ಅಲೆ ಶುರುವಾದದ್ದು 1988ರ ಹೊತ್ತಿಗೆ. ಆಗ ಟೋಕಿಯೋದಲ್ಲಿ ದುಡ್ಡಿನ ಮಳೆ. ಜಮೀನು, ಷೇರು ಎಲ್ಲವೂ ಆಕಾಶಕ್ಕೇರಿದ್ದವು, 1989ರ ಡಿಸೆಂಬರ್ ಕೊನೆಯಲ್ಲಿ ನಿಕ್ಕೇ ಸೂಚ್ಯಂಕ 38,915 ಮುಟ್ಟಿತ್ತು. ಆ ಕಾಲದ ಟ್ರೆಂಡಿ ಡ್ರಾಮಾಗಳಲ್ಲಿ ಎಲ್ಲರೂ ಚೆಂದದ ಬಟ್ಟೆ ಹಾಕಿರುತ್ತಾರೆ, ಎಲ್ಲರ ಮನೆಯೂ ಅವರ ಸಂಬಳಕ್ಕೆ ಮೂರು ಪಟ್ಟು ದೊಡ್ಡದು, ಯಾರೂ ಕೆಲಸ ಮಾಡಿದ್ದು ಕಾಣುವುದಿಲ್ಲ. ನೋಡಲು ಮಜಾ ಇದೆ, ಒಪ್ಪುತ್ತೇನೆ. ಆದರೆ ಅಲ್ಲಿಂದ ಶುರು ಮಾಡಬೇಡಿ. ಭುಜಕ್ಕೆ ದಿಂಬು ಇಟ್ಟ ಕೋಟುಗಳನ್ನು ನೋಡುತ್ತಾ ಕಥೆಯೇ ಮರೆತುಹೋಗುತ್ತದೆ.

ನಿಜವಾದ ಸುಗ್ಗಿ 1991ರಿಂದ 2000ರವರೆಗೆ. ಷೇರುಪೇಟೆ ಬಿದ್ದಿತ್ತು, ಆದರೆ ಟಿವಿಯ ಮುಂದೆ ಜನ ಇದ್ದರು. ಒಳ್ಳೆಯ ಬರಹಗಾರರು ಇದೇ ಹತ್ತು ವರ್ಷಗಳಲ್ಲಿ ಸಿಕ್ಕಿದರು.

ಮೊದಲು ಯಾವುದು

ಎಲ್ಲರೂ 1991ರ ಟೋಕಿಯೋ ಲವ್ ಸ್ಟೋರಿಯಿಂದ ಶುರು ಮಾಡಿ ಅನ್ನುತ್ತಾರೆ. ನಾನು ಬೇಡ ಅನ್ನುತ್ತೇನೆ. ಅದು ಎರಡನೆಯದಾಗಿರಲಿ. ಮೊದಲು 1996ರ ಲಾಂಗ್ ವೆಕೇಶನ್ ನೋಡಿ.

ಯಾಕೆ ಅಂದರೆ ಅದರ ಬಾಗಿಲು ದೊಡ್ಡದು, ಯಾರು ಬೇಕಾದರೂ ಒಳಗೆ ಹೋಗಬಹುದು. ಮೊದಲ ದೃಶ್ಯವೇ ನೋಡಿ. ಬಿಳಿ ಮದುವೆ ಕಿಮೊನೊ ಹಾಕಿಕೊಂಡ ಹೆಣ್ಣೊಬ್ಬಳು ಹಗಲು ಹೊತ್ತಿನಲ್ಲಿ ಟೋಕಿಯೋದ ಬೀದಿಯಲ್ಲಿ ಓಡುತ್ತಿದ್ದಾಳೆ. ಮದುವೆಯ ದಿನ ಗಂಡು ಬಂದಿಲ್ಲ. ಅವನ ಮನೆಗೆ ಹೋಗಿ ಬಾಗಿಲು ಬಡಿಯುತ್ತಾಳೆ. ತೆರೆಯುವವನು ಅವನ ರೂಮ್‌ಮೇಟ್, ಕೂದಲು ಕೆದರಿದ, ನಿದ್ದೆಗಣ್ಣಿನ ಹುಡುಗ. ಗಂಡು ಚೀಟಿ ಬರೆದಿಟ್ಟು ಓಡಿಹೋಗಿದ್ದಾನೆ. ಅವಳು ಮಿನಾಮಿ, ವಯಸ್ಸು 31, ಮಾಡೆಲಿಂಗ್ ಕೆಲಸ ಕೈಬಿಡುತ್ತಿರುವ ವಯಸ್ಸು. ಅವನು ಸೆನಾ, 24, ಮಕ್ಕಳಿಗೆ ಪಿಯಾನೊ ಹೇಳಿಕೊಡುವ, ತಾನೇ ಧೈರ್ಯ ಕಳೆದುಕೊಂಡ ಪಿಯಾನೊ ವಾದಕ. ಹೋಗಲು ಜಾಗವಿಲ್ಲದ ಮಿನಾಮಿ ಅದೇ ಮನೆಗೆ ಬಂದು ಸೇರಿಕೊಳ್ಳುತ್ತಾಳೆ. ಈ ಪಾತ್ರಗಳನ್ನು ಮಾಡಿದವರು ಯಾಮಾಗುಚಿ ತೊಮೊಕೊ ಮತ್ತು ಕಿಮುರಾ ತಕುಯಾ. ಇವಳು ಒಂದು ಕ್ಷಣ ಸುಮ್ಮನಿರುವುದಿಲ್ಲ, ಅವನ ಬಾಯಿಂದ ಮಾತೇ ಹೊರಡುವುದಿಲ್ಲ. ಎಣ್ಣೆ ಸೀಗೆಕಾಯಿ ಸಂಬಂಧ.

ಇದರಲ್ಲಿ ಒಂದು ರಬ್ಬರ್ ಚೆಂಡಿನ ದೃಶ್ಯ ಇದೆ. ಮೇಲಿನ ಕಿಟಕಿಯಿಂದ ಪುಟ್ಟ ಚೆಂಡನ್ನು ಕೆಳಗಿನ ರಸ್ತೆಗೆ ಬಿಡುತ್ತಾರೆ, ಅದು ಪುಟಿದು ಮತ್ತೆ ಕಿಟಕಿಯವರೆಗೆ ಬಂದು ಕೈ ಸೇರುತ್ತದೆ. ಅಷ್ಟೇ. ಮಾತಿಲ್ಲ, ವಿವರಣೆ ಇಲ್ಲ. ಆದರೆ ಬಿದ್ದದ್ದು ವಾಪಸ್ ಬರಬಹುದು ಅಂತ ಇಬ್ಬರಿಗೂ ಆ ಹೊತ್ತಿಗೆ ಬೇಕಾಗಿತ್ತು. ಕಿತಾಗಾವಾ ಎರಿಕೊ ಬರೆದದ್ದು ಇದು. ದೊಡ್ಡ ಭಾವನೆಯನ್ನು ಸಣ್ಣ ವಸ್ತುವಿನ ಮೇಲೆ ಇಡುವುದರಲ್ಲಿ ಆಕೆ ಗಟ್ಟಿಗಿತ್ತಿ. ಕೊನೇ ಕಂತನ್ನು ಟೋಕಿಯೋ ಸುತ್ತಲಿನ ಕಾಂತೊ ಪ್ರದೇಶದಲ್ಲಿ 36.7% ಮನೆಗಳು ನೋಡಿದ್ದವು. ಜನ ಇದನ್ನು ಪ್ರೀತಿಯಿಂದ ರೊನ್‌ಬಾಕೆ ಅಂತ ಚುಟುಕು ಮಾಡಿ ಕರೆಯುತ್ತಾರೆ. ಜಪಾನಿಗಳಿಗೆ ಯಾವ ಹೆಸರನ್ನೂ ಪೂರ್ತಿ ಹೇಳುವ ಅಭ್ಯಾಸವಿಲ್ಲ, ಕಿಮುರಾ ತಕುಯಾ ಕೂಡ ಕಿಮುತಾಕು ಆಗಿಬಿಟ್ಟಿದ್ದಾನೆ.

ಎರಡನೆಯದು ಟೋಕಿಯೋ ಲವ್ ಸ್ಟೋರಿ. ಸೈಮನ್ ಫುಮಿ ಬರೆದ ಮಾಂಗಾ, ಅಂದರೆ ಜಪಾನಿ ಚಿತ್ರಕಥಾ ಪುಸ್ತಕ, ಇದರ ಮೂಲ. ಚಿತ್ರಕಥೆ ಬರೆದ ಸಾಕಾಮೊಟೊ ಯೂಜಿಗೆ ಆಗ ಕೇವಲ 23 ವರ್ಷ. (ಇದೇ ಮನುಷ್ಯ 2023ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಚಿತ್ರಕಥೆಯ ಪ್ರಶಸ್ತಿ ತಗೊಂಡ.) ಎಹಿಮೆ ಪ್ರಾಂತ್ಯದಿಂದ ಟೋಕಿಯೋದ ಕ್ರೀಡಾ ಸಾಮಾನಿನ ಕಂಪನಿಗೆ ಕೆಲಸಕ್ಕೆ ಬರುವ ಹುಡುಗ ನಾಗಾವೊ ಕಾಂಜಿ, ಅದೇ ಆಫೀಸಿನ ಅಕಾನಾ ರಿಕಾ. ನಟಿಸಿದವರು ಒಡಾ ಯೂಜಿ, ಸುಜುಕಿ ಹೊನಾಮಿ. ರಿಕಾ ವಿದೇಶದಲ್ಲಿ ಬೆಳೆದವಳು. ಮನಸ್ಸಿಗೆ ಬಂದದ್ದನ್ನು ಹಾಗೇ ಹೇಳುತ್ತಾಳೆ. 1991ರ ಟಿವಿಯಲ್ಲಿ ಒಬ್ಬ ಹುಡುಗಿ ತಾನೇ ಮುಂದಾಗಿ ತನ್ನ ಆಸೆಯನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ಜಪಾನ್ ಬೆಚ್ಚಿಬಿದ್ದಿತ್ತು.

ಇದನ್ನು ಎರಡನೆಯದಾಗಿ ಇಟ್ಟದ್ದಕ್ಕೆ ಕಾರಣ ಇದೆ. ಇಲ್ಲಿ ಕಾಂಜಿ ನಿಮಗೆ ಸಿಟ್ಟು ಬರಿಸುತ್ತಾನೆ. ಅವನಿಗೆ ಶಾಲೆಯ ದಿನಗಳಿಂದ ಸಾತೊಮಿ ಅನ್ನುವವಳ ಮೇಲೆ ಮನಸ್ಸು. ರಿಕಾ ಕಣ್ಣೆದುರಿಗೇ ಇದ್ದರೂ ಅತ್ತಲೂ ಇಲ್ಲ ಇತ್ತಲೂ ಇಲ್ಲ. ಒಂದು ರಾತ್ರಿ ಅವನು ರಿಕಾಳನ್ನು ನೋಡಲು ಹೊರಡಬೇಕು, ಸರಿಯಾಗಿ ಅದೇ ಹೊತ್ತಿಗೆ ಸಾತೊಮಿ ಪಾತ್ರೆ ತುಂಬ ಒದೆನ್ ತಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಒದೆನ್ ಅಂದರೆ ಮೂಲಂಗಿ, ಮೊಟ್ಟೆ, ಮೀನಿನ ಉಂಡೆ ಎಲ್ಲ ಸಾರಿನಲ್ಲಿ ಬೇಯಿಸಿದ ಚಳಿಗಾಲದ ಅಡುಗೆ. ಆ ಪಾತ್ರೆಯಿಂದಾಗಿ ಸಾತೊಮಿಗೆ ಒದೆನ್ ಹೆಂಗಸು ಅನ್ನುವ ಅಡ್ಡಹೆಸರೇ ಬಿತ್ತು, ಹೆಂಗಸರು ಅವಳನ್ನು ಕಂಡರೆ ಉರಿದುಬೀಳುತ್ತಿದ್ದರು. ನನ್ನ ಪ್ರಕಾರ ಅದು ಅನ್ಯಾಯ. ಬಾಗಿಲು ತೆರೆದವನು ಕಾಂಜಿ ಅಲ್ವಾ? ಹೋಗಬೇಕಾದವನೂ ಅವನೇ.

ಕೊನೇ ಕಂತಿನ ಬಗ್ಗೆ ಒಂದು ಮಾತೂ ಹೇಳುವುದಿಲ್ಲ. ಎಹಿಮೆಯಲ್ಲಿ ಸಮುದ್ರದ ಪಕ್ಕದಲ್ಲೇ ಬಾಯ್‌ಶಿಂಜಿ ಅನ್ನುವ ಪುಟ್ಟ ರೈಲು ನಿಲ್ದಾಣ ಇದೆ, ಅಲ್ಲಿನ ಕಂಬಿಗೆ ಇವತ್ತಿಗೂ ಜನ ಹೋಗಿ ಕರವಸ್ತ್ರ ಕಟ್ಟಿ ಬರುತ್ತಾರೆ, ಅಷ್ಟು ಗೊತ್ತಿದ್ದರೆ ಸಾಕು.

ಮೂರನೆಯದು ಅದೇ 1991ರ ಬೇಸಿಗೆಯಲ್ಲಿ ಬಂದ 101ನೇ ಪ್ರೊಪೋಸಲ್. ಹೀರೋಗೆ 42 ವರ್ಷ, ರೂಪವಿಲ್ಲ, ಜಾಣತನವಿಲ್ಲ. ಹೆಣ್ಣು ನೋಡಲು ಹೋಗಿ 99 ಸಲ ಬೇಡ ಅನ್ನಿಸಿಕೊಂಡವನು. ಎದುರಿಗೆ ಬರುವವಳು ಚೆಲ್ಲೊ ನುಡಿಸುವ ಕಾವೊರು. ಮೂರು ವರ್ಷದ ಹಿಂದೆ ಮದುವೆಗೆ ಮುಂಚೆ ಅವಳ ಹುಡುಗ ಸತ್ತುಹೋಗಿದ್ದಾನೆ. ಮತ್ತೆ ಯಾರನ್ನಾದರೂ ಪ್ರೀತಿಸಿದರೆ ಅವರೂ ಸತ್ತರೆ ಏನು ಗತಿ, ಅವಳ ಭಯ ಇಷ್ಟೇ. ಅದಕ್ಕೆ ಇವನು ರಾತ್ರಿ ಹೊತ್ತು ಓಡುವ ಲಾರಿಯ ಮುಂದೆ ಹೋಗಿ ನಿಲ್ಲುತ್ತಾನೆ. ಲಾರಿ ಮೂಗಿನ ತುದಿಯಲ್ಲಿ ನಿಲ್ಲುತ್ತದೆ. ನಾನು ಸಾಯುವುದಿಲ್ಲ ಅಂತ ಕಿರುಚುತ್ತಾನೆ. ಜಪಾನಿನಲ್ಲಿ ಈ ದೃಶ್ಯವನ್ನು ಅಣಕಿಸದ ಹಾಸ್ಯಗಾರನಿಲ್ಲ. ಅಣಕ ನೋಡಿ ನಕ್ಕವರೂ ಮೂಲ ನೋಡುವಾಗ ಗಪ್‌ಚುಪ್. ತಾಕೆದಾ ತೆತ್ಸುಯಾ ಅದನ್ನು ಅಷ್ಟು ನಂಬಿ ಮಾಡಿದ್ದಾನೆ. ಬರೆದದ್ದು ನೊಜಿಮಾ ಶಿಂಜಿ. 2006ರಲ್ಲಿ ಕೊರಿಯಾದವರೂ ಇದನ್ನು ತಮ್ಮದಾಗಿ ಮಾಡಿಕೊಂಡರು.

ಆಮೇಲೆ ನಿಮ್ಮ ರುಚಿ. ಕಣ್ಣಲ್ಲಿ ನೀರು ಬರಬೇಕು ಅನ್ನುವವರಿಗೆ ಟಿಬಿಎಸ್ ಅನ್ನುವ ಇನ್ನೊಂದು ವಾಹಿನಿಯ 1995ರ ಐಶಿತೆಇರು ತೊ ಇತ್ತೆ ಕುರೆ, ಅಂದರೆ ಪ್ರೀತಿಸುತ್ತೇನೆ ಅಂತ ಹೇಳು. ಕಿವಿ ಕೇಳದ ಚಿತ್ರಕಾರ, ನಟಿಯಾಗಬೇಕು ಅಂತ ಒದ್ದಾಡುವ ಹುಡುಗಿ. ಮರದ ಮೇಲಿನ ಸೇಬಿಗೆ ಅವಳ ಕೈ ಎಟುಕುವುದಿಲ್ಲ, ಅವನು ಕಿತ್ತು ಕೊಡುತ್ತಾನೆ, ಕಥೆ ಅಲ್ಲಿಂದ. ಇಬ್ಬರ ನಡುವೆ ಫ್ಯಾಕ್ಸ್ ಮೆಷಿನ್ ಇದೆ. ಅದರಿಂದ ಕಾಗದ ನಿಧಾನವಾಗಿ ಹೊರಬರುವುದನ್ನು ನೋಡುತ್ತಾ ನನ್ನ ಎದೆ ಹೊಡೆದುಕೊಂಡಷ್ಟು ಯಾವ ಆ್ಯಕ್ಷನ್ ಸಿನಿಮಾದಲ್ಲೂ ಹೊಡೆದುಕೊಂಡಿಲ್ಲ. ಇದೇ ನಟಿ ತೊಕಿವಾ ತಾಕಾಕೊ ಮತ್ತು ಕಿಮುರಾ ಜೊತೆಯಾದ ಬ್ಯೂಟಿಫುಲ್ ಲೈಫ್ 2000ದಲ್ಲಿ ಬಂತು. ಅವನು ಹೇರ್‌ಡ್ರೆಸರ್, ಅವಳು ಗಾಲಿಕುರ್ಚಿಯಲ್ಲಿ ಓಡಾಡುವ ಲೈಬ್ರರಿಯವಳು. ಕೊನೇ ಕಂತಿಗೆ 41.3%. ಎರಡೂ ಕಿತಾಗಾವಾ ಅವರದ್ದೇ. ಒಂದಾದ ಮೇಲೆ ಒಂದು ನೋಡಬೇಡಿ, ನಡುವೆ ಉಸಿರಾಡಲು ಏನಾದರೂ ಇರಲಿ.

ಉಸಿರಾಡಲು ಒಳ್ಳೆಯದು 2000ದ ಯಾಮಾತೊ ನಾದೆಶಿಕೊ. ಹೆಸರಿನ ಅರ್ಥ ಆದರ್ಶ ಜಪಾನಿ ನಾರಿ. ನಾಯಕಿ ಸಾಕುರಾಕೊ ಅದಕ್ಕೆ ಪೂರಾ ಉಲ್ಟಾ. ವಿಮಾನದ ಗಗನಸಖಿ, ದುಡ್ಡಿರುವ ಗಂಡು ಬಿಟ್ಟು ಬೇರೇನೂ ಬೇಡ. ಮೈಮೇಲೆ ದುಬಾರಿ ಬಟ್ಟೆ, ವಾಸ ಮಾತ್ರ ಮುರುಕಲು ಬಾಡಿಗೆ ಕೋಣೆಯಲ್ಲಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ಇವಳಿಗಾಗಿಯೇ ಹುಟ್ಟಿದ ಗಾದೆ. ಡಾಕ್ಟರ್ ಅಂದುಕೊಂಡು ಮೀನಂಗಡಿಯವನ ಹಿಂದೆ ಬೀಳುತ್ತಾಳೆ. ಮಾತ್ಸುಶಿಮಾ ನಾನಾಕೊ ಆ ಸುಳ್ಳು ನಗು ನಗುವುದನ್ನು ನೋಡಬೇಕು. ಆಫೀಸ್ ಜಗಳ, ತಮಾಷೆ ಇಷ್ಟವಾದರೆ 1997ರ ಲವ್ ಜನರೇಶನ್. ಕಾಲೇಜು ಗೆಳೆಯರ ಬಳಗ ಬೇಕಾದರೆ 1993ರ ಅಸುನಾರೊ ಹಾಕುಶೊ. ಅಸುನಾರೊ ಅನ್ನುವುದು ಒಂದು ಮರ. ನಾಳೆ ನಾನೂ ಹಿನೋಕಿ ಮರದಷ್ಟು ದೊಡ್ಡದಾಗುತ್ತೇನೆ ಅಂತ ಆಸೆಪಡುವ ಮರ ಅಂತೆ. ಇಪ್ಪತ್ತು ವರ್ಷದ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಕ್ಕೀತೇ?

ಎಲ್ಲಿ ಸಿಗುತ್ತದೆ

ಇದು ತಲೆನೋವಿನ ವಿಷಯ. ಬೇಗ ಮುಗಿಸುತ್ತೇನೆ. ಫ್ಯೂಜಿ ಟಿವಿಯದ್ದು ಅವರದೇ ಎಫ್‌ಒಡಿ ಸ್ಟ್ರೀಮಿಂಗ್ ಸೇವೆಯಲ್ಲಿ ಇರುತ್ತದೆ, ಟಿಬಿಎಸ್‌ನ ಹಳೆಯದು ಈಗ ಯು-ನೆಕ್ಸ್ಟ್ ಕಡೆ ಹುಡುಕಬೇಕು, ಯಾಕೆಂದರೆ ಮೊದಲು ಅವು ಇದ್ದ ಪರಾವಿ 2023ರಲ್ಲಿ ಅದರೊಳಗೆ ಸೇರಿಹೋಯಿತು. ಇವೆಲ್ಲ ಜಪಾನಿನ ಒಳಗಿನವರಿಗೆ ಮಾಡಿದ ಸೇವೆಗಳು. ಹೊರಗಿನ ನಮಗೆ ದೊಡ್ಡ ಅಂತರರಾಷ್ಟ್ರೀಯ ಆ್ಯಪ್‌ಗಳಲ್ಲಿ ಆಗಾಗ ಒಂದೆರಡು ಬಂದು ಹೋಗುತ್ತವೆ. ಕಂಡಾಗ ನೋಡಿಬಿಡಿ, ಮುಂದಿನ ತಿಂಗಳು ಇರುತ್ತದೆ ಅನ್ನುವ ಭರವಸೆ ಇಟ್ಟುಕೊಳ್ಳಬೇಡಿ. ಆ ಕಾಲದ ಒಪ್ಪಂದಗಳು ಟಿವಿ ಪ್ರಸಾರಕ್ಕೆ ಮಾಡಿಕೊಂಡವು, ಈಗ ಹಾಡಿನವರು, ನಟರ ಏಜೆನ್ಸಿಯವರು, ಮೂಲ ಕಥೆಯವರು ಎಲ್ಲರನ್ನೂ ಮತ್ತೆ ಒಪ್ಪಿಸಬೇಕು. ಒಬ್ಬರು ತಲೆ ಅಲ್ಲಾಡಿಸಿದರೂ ಆಟ ಮುಗಿಯಿತು.

ಹುಡುಕುವಾಗ ಇಂಗ್ಲಿಷ್ ಹೆಸರಿನ ಜೊತೆಗೆ ಜಪಾನಿ ಲಿಪಿಯ ಹೆಸರನ್ನೂ ಎಲ್ಲಿಂದಾದರೂ ನಕಲು ಮಾಡಿ ಹಾಕಿ, ವರ್ಷವನ್ನೂ ಸೇರಿಸಿ. ವರ್ಷ ಮುಖ್ಯ. ಟೋಕಿಯೋ ಲವ್ ಸ್ಟೋರಿಯನ್ನು 2020ರಲ್ಲಿ ಹೊಸ ನಟರನ್ನು ಹಾಕಿ ಮತ್ತೆ ಮಾಡಿದ್ದಾರೆ. ನನಗೆ ಗೊತ್ತಿರುವ ಒಬ್ಬರು ಅದರ ಎರಡು ಕಂತು ನೋಡಿ, 1991ರಲ್ಲೇ ಸ್ಮಾರ್ಟ್‌ಫೋನ್ ಇತ್ತಾ ಅಂತ ಕೇಳಿದ್ದರು.

ಡಿಸ್ಕ್ ಕೊಳ್ಳುವುದಾದರೆ ಎರಡು ವಿಷಯ. ಜಪಾನಿನ ಡಿವಿಡಿಗಳು ರೀಜನ್ 2, ಅಂದರೆ ಆ ಭಾಗದ ಪ್ಲೇಯರ್‌ಗಳಿಗೆಂದೇ ಗುರುತು ಹಾಕಿದವು. ನಿಮ್ಮ ಪ್ಲೇಯರ್ ಅದನ್ನು ಓದುತ್ತದಾ ಅಂತ ಮೊದಲೇ ನೋಡಿಕೊಳ್ಳಿ. ಜಪಾನಿನ ಮಂದಿಗೆಂದೇ ಮಾಡಿದ ಬಾಕ್ಸ್ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಇಂಗ್ಲಿಷ್ ಸಬ್‌ಟೈಟಲ್ ಇರುವುದಿಲ್ಲ. ನಾನು ಒಂದು ಸಲ ಚೆಂದದ ಬಾಕ್ಸ್ ನೋಡಿ ಮರುಳಾಗಿ ತರಿಸಿಕೊಂಡೆ. ಅದು ಈಗಲೂ ಕಪಾಟಿನಲ್ಲಿ ಚೆಂದವಾಗಿಯೇ ಇದೆ.

ಪರದೆ ಸರಿಮಾಡಿಕೊಳ್ಳಿ

90ರ ದಶಕದ ಟಿವಿಯ ಚೌಕಟ್ಟು 4:3, ಹೆಚ್ಚುಕಡಿಮೆ ಚೌಕ. ಈಗಿನ ಅಗಲ ಪರದೆಯಲ್ಲಿ ಎರಡೂ ಪಕ್ಕ ಕಪ್ಪು ಪಟ್ಟಿ ಬರಬೇಕು. ಬರದಿದ್ದರೆ ನಿಮ್ಮ ಟಿವಿ ಚಿತ್ರವನ್ನು ಎಳೆದು ಹಿಗ್ಗಿಸಿದೆ ಅಂತ ಅರ್ಥ. ನಾನು ಮೂರು ಕಂತು ಹಾಗೇ ನೋಡಿ, ಈ ಹೀರೋ ಯಾಕೆ ಇಷ್ಟು ದುಂಡಗಿದ್ದಾನೆ ಅಂದುಕೊಂಡಿದ್ದೆ. ಸೆಟ್ಟಿಂಗ್ಸ್‌ನಲ್ಲಿ ಆಸ್ಪೆಕ್ಟ್ ರೇಶಿಯೊ ಅಂತ ಇರುತ್ತದೆ, 4:3ಗೆ ಇಡಿ.

ಡಿಸ್ಕನ್ನು ಕಂಪ್ಯೂಟರಿನಲ್ಲಿ ನೋಡುವಾಗ ಯಾರಾದರೂ ಕೈ ಬೀಸಿದರೆ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂತೆ ಗೆರೆಗಳು ಕಾಣುತ್ತವೆ. ಆ ಕಾಲದ ವಿಡಿಯೊ ಸಾಲು ಬಿಟ್ಟು ಸಾಲು ಚಿತ್ರ ಬರೆಯುತ್ತಿದ್ದುದರಿಂದ ಹೀಗೆ. ವಿಎಲ್‌ಸಿ ಪ್ಲೇಯರ್ ಆದರೆ ಡಿ ಕೀ ಒತ್ತಿ, ಡೀಇಂಟರ್‌ಲೇಸ್ ಆಗುತ್ತದೆ. ಸಬ್‌ಟೈಟಲ್ ಮಾತಿಗಿಂತ ಮುಂದೆ ಓಡುತ್ತಿದ್ದರೆ ಎಚ್ ಕೀ, ಹಿಂದೆ ಬಿದ್ದಿದ್ದರೆ ಜಿ ಕೀ. ಇದನ್ನು ಸರಿಮಾಡದೆ ಪ್ರೇಮಕಥೆ ನೋಡಬೇಡಿ. ಅವಳು ಬಾಯಿ ತೆರೆಯುವ ಮೊದಲೇ ನಿಮಗೆ ಉತ್ತರ ಗೊತ್ತಾಗಿಬಿಟ್ಟರೆ ಏನು ಸುಖ?

ಈಗ ನೋಡುವುದು ಹೇಗೆ

ವಾರಕ್ಕೊಂದು ಅಂದೆ. ಆಗುವುದಿಲ್ಲ ಅನ್ನುವವರು ವಾರಕ್ಕೆರಡು ಮಾಡಿ, ಆದರೆ ಒಂದೇ ರಾತ್ರಿ ಎರಡು ಬೇಡ. ಕಂತಿನ ಕೊನೆಯಲ್ಲಿ ಮುಂದಿನ ವಾರದ ತುಣುಕು ಬರುತ್ತದೆ, ಅದಕ್ಕೆ ಯೊಕೊಕು ಅನ್ನುತ್ತಾರೆ. ಅದು ಬಂದ ತಕ್ಷಣ ನಿಲ್ಲಿಸಿಬಿಡಿ. ಯಾರು ಯಾರ ಮನೆ ಬಾಗಿಲಲ್ಲಿ ನಿಂತಿದ್ದಾರೆ ಅಂತ ಮೂವತ್ತು ಸೆಕೆಂಡಿನಲ್ಲಿ ಎಲ್ಲ ಗುಟ್ಟನ್ನೂ ಬಿಟ್ಟುಕೊಡುತ್ತಾರೆ.

ಮೂರನೇ ಕಂತಿನವರೆಗೆ ಬಿಡಬೇಡಿ. ಮೊದಲ ಕಂತಿನಲ್ಲಿ ಎಲ್ಲರನ್ನೂ ಪರಿಚಯ ಮಾಡಿಸುವ ಗಡಿಬಿಡಿ, ಎರಡನೆಯದರಲ್ಲಿ ಸ್ವಲ್ಪ ಹುಡುಗಾಟ, ಮೂರರಲ್ಲಿ ಕಥೆ ನೆಲೆಗೆ ನಿಲ್ಲುತ್ತದೆ. ಏಳೆಂಟನೇ ಕಂತಿನ ಹೊತ್ತಿಗೆ ಹಳೇ ಪ್ರೇಮಿ ವಾಪಸ್ ಬರುವುದೋ, ಯಾರಿಗಾದರೂ ದೂರದೂರಿಗೆ ವರ್ಗವಾಗುವುದೋ ಆಗಿಯೇ ಆಗುತ್ತದೆ. ಅಲ್ಲಿ ಸ್ವಲ್ಪ ಸೊರಗುತ್ತದೆ. ತಾಳಿಕೊಳ್ಳಿ.

ಇನ್ನು ಫೋನು. ಇದು ಬಹಳ ಮುಖ್ಯ. 90ರ ದಶಕದ ಮೊದಲ ವರ್ಷಗಳ ಡ್ರಾಮಾಗಳಲ್ಲಿ ಇವರ ಬಳಿ ಮೊಬೈಲ್ ಇಲ್ಲ. ಮನೆಯಲ್ಲೊಂದು ಫೋನು, ಅದಕ್ಕೊಂದು ಸಂದೇಶ ಹಿಡಿದಿಡುವ ಮೆಷಿನ್, ರಸ್ತೆಯಲ್ಲಿ ಹಸಿರು ಪಬ್ಲಿಕ್ ಫೋನು. ಎಲ್ಲೋ ಭೇಟಿಯಾಗೋಣ ಅಂತ ಹೇಳಿ ಹೊರಟರೆ ಮುಗಿಯಿತು, ನಡುವೆ ತಿಳಿಸಲು ದಾರಿಯೇ ಇಲ್ಲ. ಒಬ್ಬಳು ಗಡಿಯಾರದ ಕೆಳಗೆ ಮೂರು ಗಂಟೆ ನಿಂತಿರುತ್ತಾಳೆ, ಇವನು ಆಫೀಸಿನಲ್ಲಿ ಸಿಕ್ಕಿಹಾಕಿಕೊಂಡಿರುತ್ತಾನೆ. ಹೋಗಬೇಕೋ ಇನ್ನೂ ಕಾಯಬೇಕೋ? ಈಗಿನವರು ಇದನ್ನು ನೋಡಿ ಒಂದು ಮೆಸೇಜ್ ಹಾಕಿದ್ದರೆ ಆಗುತ್ತಿತ್ತಲ್ಲ ಅನ್ನುತ್ತಾರೆ. ಹೌದು, ಆಗುತ್ತಿತ್ತು. ಕಥೆ ಎರಡನೇ ಕಂತಿಗೇ ಮುಗಿಯುತ್ತಿತ್ತು. ಹೀಗೆ ಒಬ್ಬರನ್ನೊಬ್ಬರು ತಪ್ಪಿಸಿಕೊಂಡು ಹೋಗುವುದಕ್ಕೆ ಜಪಾನಿನಲ್ಲಿ ಸುರೆಚಿಗಾಯ್ ಅನ್ನುವ ಮಾತಿದೆ. ಈ ಡ್ರಾಮಾಗಳ ಅರ್ಧ ಆಯಸ್ಸು ಅದರಲ್ಲೇ ಕಳೆಯುತ್ತದೆ.

ಪಬ್ಲಿಕ್ ಫೋನಿನಲ್ಲಿ ಮಾತಾಡುವಾಗ ಕ್ಯಾಮೆರಾ ಕೆಲವು ಸಲ ಆ ಪುಟ್ಟ ಅಂಕಿಯ ಕಿಂಡಿಯನ್ನು ತೋರಿಸುತ್ತದೆ. 500 ಯೆನ್‌ನ ಟೆಲಿಫೋನ್ ಕಾರ್ಡಿನಲ್ಲಿ 50 ಯೂನಿಟ್. ದೂರದ ಊರಿಗೆ ಮಾತಾಡಿದರೆ ಅಂಕಿ ಸರಸರ ಇಳಿಯುತ್ತದೆ. ಹೇಳಬೇಕಾದ್ದು ಬಾಯಿಗೆ ಬರುವುದಿಲ್ಲ, ಹವಾಮಾನ ಮಾತಾಡುತ್ತಿದ್ದಾರೆ, ಅಂಕಿ ಇಳಿಯುತ್ತಿದೆ. ಆಗ ನೀವು ಪರದೆಯ ಮುಂದೆ ಕೂತು ಹೇಳಮ್ಮಾ, ಹೇಳಿಬಿಡು ಅಂತ ಗೊಣಗದಿದ್ದರೆ ಕೇಳಿ.

ಆಮೇಲೆ ಪೇಜರ್ ಬಂತು, ಜಪಾನಿಗಳ ಪೊಕೆಬೆರು. ಅಂಕಿಗಳಲ್ಲೇ ಮಾತು. 0840 ಅಂದರೆ ಒಹಾಯೊ, ಶುಭೋದಯ. 14106 ಅಂದರೆ ಐಶಿತೆರು, ಪ್ರೀತಿಸುತ್ತೇನೆ. ಅಂಕಿಗಳನ್ನು ಜಪಾನಿಯಲ್ಲಿ ಓದಿದರೆ ಬರುವ ಸದ್ದು ಅದು. 1998ಕ್ಕೆ ಬರುವ ಹೊತ್ತಿಗೆ ವಿತ್ ಲವ್ ಅನ್ನುವ ಡ್ರಾಮಾದಲ್ಲಿ ತಪ್ಪಿ ಹೋದ ಒಂದು ಇಮೇಲ್‌ನಿಂದ ಇಬ್ಬರು ಅಪರಿಚಿತರ ಕಥೆ ಶುರುವಾಗುತ್ತದೆ. ಡ್ರಾಮಾದ ವರ್ಷ ಮರೆತರೆ ಕೈಯಲ್ಲಿರುವ ಮೆಷಿನ್ ನೋಡಿ ಹೇಳಬಹುದು.

ಕಿವಿಯನ್ನೂ ಕೆಲಸಕ್ಕೆ ಹಚ್ಚಿ. ಜಪಾನಿ ಬರದಿದ್ದರೂ ಪರವಾಗಿಲ್ಲ, ಹೆಸರು ಕರೆಯುವುದನ್ನು ಮಾತ್ರ ಕೇಳಿ. ಮನೆತನದ ಹೆಸರಿಗೆ ಸಾನ್ ಸೇರಿಸಿದರೆ ಮರ್ಯಾದೆಯ ದೂರ. ಹುಡುಗನಿಗೆ ಕುನ್ ಅಂದರೆ ಸ್ವಲ್ಪ ಸಲಿಗೆ. ಬರೀ ಹೆಸರು ಹಿಡಿದು ಕರೆದರೆ ಗೋಡೆ ಬಿತ್ತು ಅಂತ ಅರ್ಥ. ಟೋಕಿಯೋ ಲವ್ ಸ್ಟೋರಿಯಲ್ಲಿ ಸಾತೊಮಿ ಅವನನ್ನು ನಾಗಾವೊ ಕುನ್ ಅನ್ನುತ್ತಾಳೆ, ರಿಕಾ ಮಾತ್ರ ಕಾಂಜಿಯನ್ನು ಕಾಂಚಿ ಮಾಡಿಬಿಡುತ್ತಾಳೆ. ಆ ಹೆಸರು ಅವಳೊಬ್ಬಳದ್ದೇ. ಸಬ್‌ಟೈಟಲ್ ಬರೆಯುವವರು ಬಹಳ ಸಲ ಇದನ್ನೆಲ್ಲ ನುಂಗಿಹಾಕಿ ಎಲ್ಲ ಕಡೆ ಒಂದೇ ಹೆಸರು ಹಾಕುತ್ತಾರೆ. ಹೀಗಾಗಿ ಕಣ್ಣು ಕೆಳಗಿನ ಸಾಲಿನಲ್ಲಿದ್ದರೂ ಕಿವಿ ಮೇಲಿರಲಿ.

ಪ್ರೀತಿ ಹೇಳಿಕೊಳ್ಳುವ ಮಾತಿಗೂ ಹಾಗೇ ಮೆಟ್ಟಿಲುಗಳಿವೆ. ಸುಕಿ ಅಂದರೆ ಇಷ್ಟ. ಮೊದಲ ಸಲ ಬಾಯಿಬಿಟ್ಟು ಹೇಳಿಕೊಳ್ಳುವುದು ಕೊಕುಹಾಕು, ಅದೊಂದು ದೊಡ್ಡ ಘಟನೆ. ಐಶಿತೆರು ಅನ್ನುವ ಭಾರದ ಮಾತು ಹನ್ನೊಂದು ಕಂತಿನಲ್ಲಿ ಒಮ್ಮೆ ಬಂದರೂ ಹೆಚ್ಚು. ಎರಡಕ್ಕೂ ಸಬ್‌ಟೈಟಲ್‌ನಲ್ಲಿ ಒಂದೇ ಮಾತು ಬರಬಹುದು, ಮೋಸ ಹೋಗಬೇಡಿ.

ಹಾಡನ್ನು ಓಡಿಸಬೇಡಿ, ಕೈಮುಗಿದು ಕೇಳಿಕೊಳ್ಳುತ್ತೇನೆ. ಟೋಕಿಯೋ ಲವ್ ಸ್ಟೋರಿಗೆ ಒಡಾ ಕಾಜುಮಾಸಾ ಹಾಡಿದ ಹಾಡು, 101ನೇ ಪ್ರೊಪೋಸಲ್‌ಗೆ ಚಾಗೆ ಮತ್ತು ಆಸುಕಾ ಹಾಡಿದ್ದು, ಎರಡೂ ತಲಾ 20 ಲಕ್ಷಕ್ಕಿಂತ ಜಾಸ್ತಿ ಮಾರಾಟವಾದವು. ಆದರೆ ವಿಷಯ ಮಾರಾಟದ್ದಲ್ಲ. ಕಂತಿನ ಕಟ್ಟಕಡೆಯ ಇಕ್ಕಟ್ಟಿನಲ್ಲಿ, ಅವಳು ತಿರುಗಿ ನೋಡುವ ಆ ಅರೆಕ್ಷಣದಲ್ಲಿ, ಒಡಾನ ಹಾಡಿನ ಗಿಟಾರ್ ಚುಕ್‌ಚೂನ್ ಅಂತ ಹೊಡೆಯುತ್ತದೆ. ಎಲ್ಲಿ ಹೊಡೆಯಬೇಕು ಅಂತ ಲೆಕ್ಕ ಹಾಕಿ ಕೂರಿಸಿದ್ದಾರೆ. ನಾಲ್ಕೈದು ವಾರ ಕಳೆದ ಮೇಲೆ ಆ ಸದ್ದು ಕೇಳಿದರೆ ಸಾಕು, ಯಾರೂ ಅಳದಿದ್ದರೂ ನಿಮ್ಮ ಗಂಟಲು ಕಟ್ಟುತ್ತದೆ. ಇಂಟ್ರೊ ಸ್ಕಿಪ್ ಮಾಡುವವರಿಗೆ ಇದು ಆಗುವುದಿಲ್ಲ.

ಒಂದು ಸಣ್ಣ ಸುಳಿವು: ಅಕ್ಟೋಬರ್‌ನಲ್ಲಿ ಶುರುವಾದ ಡ್ರಾಮಾ ಡಿಸೆಂಬರ್‌ಗೆ ಮುಗಿಯುತ್ತದೆ, ಜಪಾನಿನಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಅಂದರೆ ಜೋಡಿಗಳ ರಾತ್ರಿ. ಹೀಗಾಗಿ ಆ ಕಾಲದ ಡ್ರಾಮಾಗಳಲ್ಲಿ ಡಿಸೆಂಬರ್ 24 ಹತ್ತಿರ ಬಂತೆಂದರೆ ಏನೋ ಕಾದಿದೆ ಅಂತ ತಿಳಿದುಕೊಳ್ಳಿ. ಹೆಣ್ಣನ್ನು ಕ್ರಿಸ್‌ಮಸ್ ಕೇಕಿಗೆ ಹೋಲಿಸಿ, 25 ದಾಟಿದರೆ ಕೇಳುವವರಿಲ್ಲ ಅನ್ನುವ ಕೆಟ್ಟ ತಮಾಷೆಯೂ ಆಗ ಚಾಲ್ತಿಯಲ್ಲಿತ್ತು. ಅದು ಗೊತ್ತಿದ್ದರೆ 31ರ ಮಿನಾಮಿ ಯಾಕೆ ಅಷ್ಟು ಜೋರಾಗಿ ನಗುತ್ತಾಳೆ ಅಂತ ಅರ್ಥವಾಗುತ್ತದೆ.

ಹಲ್ಲು ಕಡಿಯುವ ಜಾಗಗಳು

ಇವೆಯೇ ಇವೆ, ಮುಚ್ಚಿಡುವುದಿಲ್ಲ. ಎಲ್ಲರೂ ಎಲ್ಲ ಕಡೆ ಸಿಗರೇಟು ಸೇದುತ್ತಾರೆ. ಆಫೀಸಿನಲ್ಲಿ ಹುಡುಗಿಯರಿಗೆ ಟೀ ತರಲು ಹೇಳುತ್ತಾರೆ, ಮದುವೆ ಯಾವಾಗ ಅಂತ ಮೇಲಧಿಕಾರಿಯೇ ಕೇಳುತ್ತಾನೆ. ಬೇಡ ಅಂದವಳ ಹಿಂದೆ ಬೀಳುವುದು ಪ್ರೀತಿ ಅಂತಲೇ ತೋರಿಸುತ್ತಾರೆ. 101ನೇ ಪ್ರೊಪೋಸಲ್‌ನ ಹೀರೋ ಇವತ್ತು ಅಷ್ಟೆಲ್ಲ ಮಾಡಿದರೆ ಪೊಲೀಸರು ಬರುತ್ತಾರೆ. ನಾನು ಆ ಡ್ರಾಮಾವನ್ನು ಇಷ್ಟಪಡುತ್ತೇನೆ, ಆದರೂ ಕೆಲವು ಕಂತುಗಳಲ್ಲಿ ಅಯ್ಯೋ ಮಾರಾಯ, ಸಾಕು ಬಿಡು ಅನ್ನಿಸಿದ್ದು ಸುಳ್ಳಲ್ಲ. ಮೇಷ್ಟರು ವಿದ್ಯಾರ್ಥಿನಿಯ ಪ್ರೇಮ ಹೇಳುವ 1993ರ ಕೋಕೋ ಕ್ಯೋಶಿ ತುಂಬ ಹೆಸರು ಮಾಡಿದ್ದು, ಕತ್ತಲೆಯೂ ಹಿಂಸೆಯೂ ಅದರಲ್ಲಿ ಜಾಸ್ತಿ. ಪ್ರೇಮಕಥೆ ಅಂದುಕೊಂಡು ಅದಕ್ಕೆ ಕೈ ಹಾಕಬೇಡಿ, ಏನು ಅಂತ ತಿಳಿದುಕೊಂಡು ನೋಡಿ.

ಇದಕ್ಕೆ ಉಲ್ಟಾ, 1992ರ ಜುತ್ತೊ ಅನಾತಾ ಗಾ ಸುಕಿ ದತ್ತಾ ಅನ್ನುವುದು ಸಂಸಾರದ ಪ್ರೇಮಕಥೆ ಅಂತ ಶುರುವಾಗಿ ಹೆಚ್ಚುಕಡಿಮೆ ಭೂತದ ಕಥೆಯ ಹಾಗೆ ಆಗುತ್ತದೆ. ಅಮ್ಮನ ಸೆರಗು ಬಿಡದ ಗಂಡ ಫುಯುಹಿಕೊ. ಆ ಪಾತ್ರ ಎಷ್ಟು ಹಿಡಿಯಿತು ಅಂದರೆ ಅಂಥ ಗಂಡಸರಿಗೆಲ್ಲ ಫುಯುಹಿಕೊ ಸಾನ್ ಅನ್ನುವುದೇ ಹೆಸರಾಯಿತು. ಹೆದರುತ್ತಾ ನಗಬೇಕು ಅನ್ನುವವರಿಗೆ ಇದು ಹಬ್ಬ.

ಇನ್ನೂ ಹಿಂದಕ್ಕೆ ಹೋಗುವ ಆಸೆ ಇದ್ದರೆ 1975ರಲ್ಲಿ ಶುರುವಾದ ಅಕಾಯ್ ಗಿವಾಕು ಇದೆ, ಹದಿಹರೆಯದ ಯಾಮಾಗುಚಿ ಮೊಮೊಎ ಮತ್ತು ಮಿಉರಾ ತೊಮೊಕಾಜು. ರಕ್ತದ ಕ್ಯಾನ್ಸರ್, ಹುಟ್ಟಿನ ರಹಸ್ಯ, ಎಲ್ಲವೂ ಒಂದೇ ತಟ್ಟೆಯಲ್ಲಿ. ಅಭಿನಯ ಈಗಿನ ಕಣ್ಣಿಗೆ ಅತಿ ಅನ್ನಿಸುತ್ತದೆ. ಆದರೆ ಪರದೆಯ ಆ ಜೋಡಿ 1980ರಲ್ಲಿ ನಿಜವಾಗಿಯೂ ಮದುವೆಯಾಯಿತು, 21 ವರ್ಷದ ಮೊಮೊಎ ಎಲ್ಲ ಬಿಟ್ಟು ಮನೆಗೆ ಹೋದಳು, ಮತ್ತೆ ಕ್ಯಾಮೆರಾ ಮುಂದೆ ಬರಲೇ ಇಲ್ಲ. ಇದು ಗೊತ್ತಿದ್ದು ನೋಡಿದರೆ ಅವರಿಬ್ಬರ ಕಣ್ಣುಗಳನ್ನೇ ನೋಡುತ್ತಾ ಕೂರುತ್ತೀರಿ.

ಕಥೆ ಸುಖವಾಗಿ ಮುಗಿಯಬೇಕು ಅನ್ನುವ ಹಟ ಇದ್ದರೆ ಮೊದಲೇ ಸಡಿಲ ಮಾಡಿಕೊಳ್ಳಿ. ಕೆಲವು ಮದುವೆಯಲ್ಲಿ ಮುಗಿಯುತ್ತವೆ, ಕೆಲವು ಫುಟ್‌ಪಾತಿನ ಮೇಲೆ ಎರಡು ಮಾತಿನಲ್ಲಿ ಮುಗಿಯುತ್ತವೆ. ಯಾವುದು ಹೇಗೆ ಅಂತ ಕೇಳಬೇಡಿ, ಹುಡುಕಲೂ ಬೇಡಿ. ನಟರ ಹೆಸರನ್ನು ಹುಡುಕಿದರೂ ಮೊದಲ ಸಾಲಿನಲ್ಲೇ ಯಾರೋ ಅಂತ್ಯವನ್ನು ಬರೆದಿಟ್ಟಿರುತ್ತಾರೆ, ನನಗೆ ಒಂದು ಡ್ರಾಮಾ ಹಾಗೇ ಹಾಳಾಯಿತು.

ಕೊನೇ ಕಂತು ಮುಗಿದ ರಾತ್ರಿ ಹೊಸದನ್ನು ಶುರು ಮಾಡಬೇಡಿ. ಒಂದು ಸೋಮವಾರ ಖಾಲಿ ಬಿಡಿ. ಅದರ ಮುಂದಿನ ವಾರ ಮೊದಲ ಕಂತಿನ ಮೊದಲ ಹತ್ತು ನಿಮಿಷ ಮಾತ್ರ ಮತ್ತೆ ಹಾಕಿ. ಲಾಂಗ್ ವೆಕೇಶನ್ ಆದರೆ ಮಿನಾಮಿ ಬಿಳಿ ಕಿಮೊನೊ ಎತ್ತಿಹಿಡಿದು ಓಡಿ ಬರುತ್ತಿರುತ್ತಾಳೆ, ಬಾಗಿಲ ಆಚೆ ಯಾರಿದ್ದಾರೆ ಅಂತ ಅವಳಿಗೆ ಗೊತ್ತಿಲ್ಲ, ನಿಮಗೆ ಗೊತ್ತು.